ಮುತ್ತಮ್ಮ ಕೇಸ್ ಗೆದ್ದರೋ, ಸೋತರೋ?

ಪ್ರಶ್ನೆ: ನನ್ನ ಮಗಳಿಗೆ 23 ವರ್ಷ. ಯುಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳಿಗೆ ಐಎಎಸ್ ಬೇಡವಂತೆ, ವಿದೇಶಾಂಗ ಸೇವೆಯೇ ಬೇಕಂತೆ. ನಮ್ಮ ಮನೆಯ ಹಿರಿಯರೊಬ್ಬರು, "ಫಾರಿನ್ ಸರ್ವಿಸ್ ಸೇರಿದ ಹೆಣ್ಣುಮಕ್ಕಳು ಮದುವೆಯಾಗಲು ಸರ್ಕಾರದ ಅಪ್ಪಣೆ ಬೇಕು. ಕೊಡಗಿನ ಮುತ್ತಮ್ಮ ಅನ್ನುವವರು ಮದುವೆಗೆ ಅನುಮತಿ ಸಿಗದೆ ಕೋರ್ಟಿಗೆ ಹೋಗಿದ್ದರು" ಎಂದು ಹೆದರಿಸಿದ್ದಾರೆ. ಮಗಳು ಆ ತೀರ್ಪನ್ನೇ ಹುಡುಕಿ ಓದಿದಳು. ಎಲ್ಲರೂ ಮುತ್ತಮ್ಮ ಗೆದ್ದರು ಎನ್ನುತ್ತಾರೆ, ತೀರ್ಪಿನ ಕೊನೆಯಲ್ಲಿ ನೋಡಿದರೆ ಅರ್ಜಿ ವಜಾ ಎಂದಿದೆ. ಯಾವುದು ನಿಜ? ಅವರು ಯಾರು, ಆಮೇಲೆ ಏನಾದರು? ಆ ನಿಯಮ ಈಗಲೂ ಇದೆಯಾ?

ಉತ್ತರ: ನಿಮ್ಮ ಮಗಳು ಕೊನೆಯ ಸಾಲಿನವರೆಗೂ ಓದಿದ್ದಾಳೆ ಅನ್ನುವುದೇ ಖುಷಿ. ಈ ಕೇಸಿನ ಹೆಸರು ಹೇಳುವವರು ಬಹಳ ಜನ, ಅಷ್ಟು ದೂರ ಹೋಗುವವರು ಕಡಿಮೆ. ಸಂವಿಧಾನದ ಪಾಠ ಮಾಡುವಾಗ ನಾನೂ ಮೊದಮೊದಲು "ಮುತ್ತಮ್ಮ ಗೆದ್ದರು" ಎಂದು ಹೇಳಿ ಮುಂದಿನ ಕೇಸಿಗೆ ಹೋಗಿಬಿಡುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಡಿಸ್ಮಿಸ್ ಅಂತ ಬರೆದಿದ್ದಾರಲ್ಲ?" ಎಂದ. ಉತ್ತರ ಬಾಯಿಗೆ ಬರಲಿಲ್ಲ. ಅವತ್ತು ಮನೆಗೆ ಹೋಗಿ ತೀರ್ಪನ್ನು ಮೊದಲಿಂದ ಓದಿದೆ. ಅದೇನು ದೊಡ್ಡ ತೀರ್ಪಲ್ಲ, ಒಂದು ಲೋಟ ಕಾಫಿ ಮುಗಿಯುವುದರೊಳಗೆ ಓದಿಬಿಡಬಹುದು.

ಎರಡೂ ನಿಜ. ಅರ್ಜಿ ವಜಾ ಆಯಿತು. ಆದರೆ ವಜಾ ಆಗುವಷ್ಟರಲ್ಲಿ ಅವರು ಕೇಳಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಿಕ್ಕಿಬಿಟ್ಟಿತ್ತು. ಇನ್ನು ನಿಮ್ಮ ಹಿರಿಯರ ಮಾತು. ಅದರಲ್ಲಿ ಒಂದು ಎಳೆ ಸರಿ, ಒಂದು ತಪ್ಪು. ಅಂಥ ನಿಯಮ ಇದ್ದದ್ದು ಹೌದು. ಆದರೆ ಮುತ್ತಮ್ಮ ಕೋರ್ಟಿಗೆ ಹೋದದ್ದು ಮದುವೆಗೆ ಅನುಮತಿ ಸಿಗಲಿಲ್ಲ ಎಂದಲ್ಲ. ಅವರು ಮದುವೆಯೇ ಆಗಲಿಲ್ಲ. ಹೋದದ್ದು ಬಡ್ತಿ ಕೊಡಲಿಲ್ಲ ಎಂದು. ತನಗೆ ನೇರವಾಗಿ ತಾಗದ ಮದುವೆಯ ನಿಯಮವನ್ನು ಅವರು ಜೊತೆಗೆ ಎಳೆದು ತಂದರು. ಯಾಕೆ ಅನ್ನುವುದರಲ್ಲೇ ಈ ಕೇಸಿನ ಜೀವ ಇದೆ. ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಸಿ.ಬಿ. ಮುತ್ತಮ್ಮ ಅಂದರೆ ಚೋನಿರ ಬೆಳ್ಳಿಯಪ್ಪ ಮುತ್ತಮ್ಮ. ಚೋನಿರ ಅನ್ನುವುದು ಕೊಡವರ ಒಕ್ಕದ, ಅಂದರೆ ಮನೆತನದ ಹೆಸರು. ಹುಟ್ಟಿದ್ದು 1924ರ ಜನವರಿ 24ರಂದು, ವಿರಾಜಪೇಟೆಯಲ್ಲಿ. ಆಗಿನ ಕೊಡಗು ಮೈಸೂರಿಗೂ ಸೇರಿರಲಿಲ್ಲ, ಮದ್ರಾಸಿಗೂ ಸೇರಿರಲಿಲ್ಲ. ಬ್ರಿಟಿಷರ ಚೀಫ್ ಕಮಿಷನರ್ ಕೈಕೆಳಗೆ ಅದೇ ಒಂದು ಪುಟ್ಟ ಪ್ರಾಂತ್ಯ. ತಂದೆ ಅರಣ್ಯಾಧಿಕಾರಿ. (ವಿದೇಶಾಂಗ ಸೇವೆಗೂ ಅರಣ್ಯ ಸೇವೆಗೂ ಇಂಗ್ಲಿಷಿನಲ್ಲಿ ಐಎಫ್‌ಎಸ್ ಎಂದೇ ಚುಟುಕು ಹೆಸರು. ಅದನ್ನು ಕೇಳಿದರೆ ಇವತ್ತಿಗೂ ಎಷ್ಟೋ ಜನರಿಗೆ ಅರಣ್ಯ ಇಲಾಖೆಯೇ ಕಣ್ಣಿಗೆ ಬರುತ್ತದೆ. ಅಪ್ಪ ಆ ಕಡೆಯವರು, ಮಗಳು ಈ ಕಡೆಯವರು.) ಮುತ್ತಮ್ಮ ಅವರಿಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ನಾಲ್ಕು ಮಕ್ಕಳನ್ನು ಅಮ್ಮ ಒಬ್ಬರೇ ಓದಿಸಿದರು. 1930ರ ದಶಕದಲ್ಲಿ, ಕೊಡಗಿನಲ್ಲಿ, ಗಂಡ ಇಲ್ಲದ ಹೆಂಗಸು ಹೆಣ್ಣುಮಗಳನ್ನು ಮದ್ರಾಸಿಗೆ ಕಳಿಸಿ ಓದಿಸುವುದೆಂದರೆ ಹುಡುಗಾಟ ಅಲ್ಲ. ಆ ತಾಯಿಯ ಬಗ್ಗೆ ಬರೆದವರು ಕಡಿಮೆ. ನನಗೆ ಈ ಕಥೆಯಲ್ಲಿ ಅವರೇ ಮೊದಲು ಕಾಣುತ್ತಾರೆ.

ಮಡಿಕೇರಿಯ ಸೇಂಟ್ ಜೋಸೆಫ್ ಹೆಣ್ಣುಮಕ್ಕಳ ಶಾಲೆ, ಆಮೇಲೆ ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, ಅದಾದ ಮೇಲೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಚಿನ್ನದ ಪದಕಗಳ ಹುಡುಗಿ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಇವತ್ತಿನ ಯುಪಿಎಸ್‌ಸಿ ಪರೀಕ್ಷೆಯಂಥದ್ದೇ ಆಗಿನ ನಾಗರಿಕ ಸೇವಾ ಪರೀಕ್ಷೆ ಪಾಸು ಮಾಡಿದರು. 1949ರಲ್ಲಿ ವಿದೇಶಾಂಗ ಸೇವೆ ಸೇರಿದರು. ಆ ಸೇವೆಗೆ ಪರೀಕ್ಷೆ ಬರೆದು ಬಂದ ಮೊದಲ ಹೆಣ್ಣುಮಗಳು ಅವರೇ. ಅದೇ 1949ರ ಜನವರಿಯಲ್ಲಿ ಇನ್ನೊಬ್ಬ ಕೊಡವರು, ಕೆ.ಎಂ. ಕಾರ್ಯಪ್ಪ, ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ಅಷ್ಟು ಚಿಕ್ಕ ನಾಡಿಗೆ ಅದು ಎಂಥ ವರ್ಷ ಇರಬೇಕು, ಅಲ್ವಾ?

ಆದರೆ ಬಾಗಿಲಲ್ಲೇ ತಡೆ ಇತ್ತು. ಮುತ್ತಮ್ಮ ತಮ್ಮ ಅರ್ಜಿಯಲ್ಲಿ ಹೇಳಿಕೊಂಡ ಪ್ರಕಾರ, ವಿದೇಶಾಂಗ ಸೇವೆ ನಿನಗೆ ಬೇಡ ಎಂದು ಪರೀಕ್ಷೆ ನಡೆಸುವ ಆಯೋಗದ ಆಗಿನ ಅಧ್ಯಕ್ಷರೇ ಅವರ ಮನಸ್ಸು ತಿರುಗಿಸಲು ನೋಡಿದರು. ಸಂದರ್ಶನದಲ್ಲಿ ತಮಗೆ ಕಡಿಮೆ ಅಂಕ ಬೀಳುವಂತೆ ಪ್ರಭಾವ ಬೀರಿದರು ಎಂದೂ ಅವರು ದೂರಿದ್ದರು. ಇವು ಅವರ ಆರೋಪಗಳು. ಕೋರ್ಟು ಇವುಗಳ ತಳ ಹುಡುಕಲಿಲ್ಲ, ಯಾಕೆ ಎಂದು ಮುಂದೆ ಹೇಳುತ್ತೇನೆ. ಸೇರುವಾಗ ಮಾತ್ರ ಒಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ.

ಇದು ಒಬ್ಬರಿಗೆ ಮಾತ್ರ ಆದದ್ದೂ ಅಲ್ಲ. 1951ರಲ್ಲಿ ಐಎಎಸ್ ಸೇರಿದ ಮೊದಲ ಮಹಿಳೆ ಅನ್ನಾ ರಾಜಂ ಅವರ ನೇಮಕಾತಿ ಆದೇಶದಲ್ಲೂ ಮದುವೆಯಾದರೆ ಕೆಲಸ ಹೋಗುತ್ತದೆ ಎನ್ನುವ ಷರತ್ತು ಇತ್ತು. ತಮಾಷೆ ನೋಡಿ. 1947ರಲ್ಲೇ ಭಾರತ ವಿಜಯಲಕ್ಷ್ಮಿ ಪಂಡಿತ್ ಅವರನ್ನು ಮಾಸ್ಕೋಗೆ ರಾಯಭಾರಿಯಾಗಿ ಕಳಿಸಿತ್ತು. ಮಾಸ್ಕೋದಿಂದ ಅವರು ವಾಷಿಂಗ್ಟನ್‌ಗೆ ಹೋದರು. ಅಂದರೆ ಹೆಂಗಸು ರಾಯಭಾರಿ ಆಗಬಾರದು ಎಂದು ಯಾರೂ ಹೇಳುತ್ತಿರಲಿಲ್ಲ. ಪ್ರಧಾನಿಯ ತಂಗಿ ಆಗಬಹುದು. ಪರೀಕ್ಷೆ ಬರೆದು ಬಂದ ವಿರಾಜಪೇಟೆಯ ಹುಡುಗಿ ಮಾತ್ರ ಮುಚ್ಚಳಿಕೆ ಬರೆಯಬೇಕು.

ಇನ್ನೊಂದು ಹೋಲಿಕೆ ಕೊಡುತ್ತೇನೆ, ಮಗಳಿಗೆ ಓದಿ ಹೇಳಿ. ಮುತ್ತಮ್ಮ ಸೇರಿದ 1949ರಲ್ಲೇ ವಿದೇಶಾಂಗ ಸೇವೆ ಸೇರಿದವರು ಕೆ.ಆರ್. ನಾರಾಯಣನ್. ರಂಗೂನಿನಲ್ಲಿ ಕೆಲಸದಲ್ಲಿದ್ದಾಗ ಮಾ ಟಿಂಟ್ ಟಿಂಟ್ ಎನ್ನುವ ಬರ್ಮಾದ ಯುವತಿಯನ್ನು ಇಷ್ಟಪಟ್ಟರು. ವಿದೇಶಾಂಗ ಸೇವೆಯವರು ವಿದೇಶಿಯರನ್ನು ಮದುವೆಯಾಗುವಂತಿರಲಿಲ್ಲ. ನೆಹರೂ ಅವರಿಂದ ವಿಶೇಷ ಅನುಮತಿ ಸಿಕ್ಕಿತು. 1951ರಲ್ಲಿ ಮದುವೆಯಾಯಿತು. ಆಕೆ ಉಷಾ ನಾರಾಯಣನ್ ಆದರು. ನಾರಾಯಣನ್ ಚೀನಾಕ್ಕೆ, ಅಮೆರಿಕಕ್ಕೆ ರಾಯಭಾರಿಯಾಗಿ ಹೋಗಿಬಂದು, 1997ರಲ್ಲಿ ರಾಷ್ಟ್ರಪತಿಯೇ ಆದರು. ನಾರಾಯಣನ್ ಅವರ ಮೇಲೆ ನನಗೆ ಬಹಳ ಗೌರವ, ಅವರನ್ನು ಇಲ್ಲಿ ಚುಚ್ಚುತ್ತಿಲ್ಲ. ಒಂದೇ ವರ್ಷ ಸೇರಿದ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿ ಅಷ್ಟೇ. ವಿದೇಶಿ ಹುಡುಗಿಯನ್ನು ಮದುವೆಯಾಗುವ ಗಂಡಸಿಗೆ ಒಂದು ವಿನಾಯಿತಿ ಸಾಕು. ಮುತ್ತಮ್ಮ ಪಕ್ಕದ ಊರಿನ ಕೊಡವ ಹುಡುಗನನ್ನೇ ಮದುವೆಯಾಗಿದ್ದರೂ ಕೆಲಸ ಬಿಡಬೇಕಿತ್ತು.

ಕೆಲಸ ಹೇಗಿತ್ತು? ಮೊದಲ ಹುದ್ದೆ ಪ್ಯಾರಿಸ್. ಆಮೇಲೆ ರಂಗೂನ್, ಲಂಡನ್. ನಡುವೆ ದೆಹಲಿಯ ಸಚಿವಾಲಯದಲ್ಲಿ ಪಾಕಿಸ್ತಾನ ಮತ್ತು ಅಮೆರಿಕದ ವಿಭಾಗಗಳು. ಈ "ವಿಭಾಗ" ಅನ್ನುವುದನ್ನು ಹಗುರವಾಗಿ ತಗೊಳ್ಳಬೇಡಿ. ರಾಯಭಾರಿ ಎಂದರೆ ಪಾರ್ಟಿ, ಷಾಂಪೇನು, ಬಂದ್‌ಗಲಾ ಕೋಟು ಎಂದು ಹೊರಗಿನವರು ತಿಳಿದಿರುತ್ತಾರೆ. ನಿಜವಾದ ಕೆಲಸದಲ್ಲಿ ಜಾಸ್ತಿ ಇರುವುದು ಓದು ಮತ್ತು ಬರಹ. ಅಲ್ಲಿ ಯಾರು ಏನು ಹೇಳಿದರು, ಯಾಕೆ ಹೇಳಿದರು, ನಾವು ಏನು ಉತ್ತರ ಕೊಡಬೇಕು ಎಂದು ದಿನಾ ಬರೆದು ಕಳಿಸುವುದು. ಪಾಸ್‌ಪೋರ್ಟ್ ಕಳೆದುಕೊಂಡವರು, ಜೈಲು ಸೇರಿದವರು, ಪರದೇಶದಲ್ಲಿ ತೀರಿಕೊಂಡವರ ಮನೆಯವರು, ಇವರೆಲ್ಲ ಬಂದು ನಿಲ್ಲುವುದು ರಾಯಭಾರ ಕಚೇರಿಯ ಕಿಟಕಿಯ ಮುಂದೆಯೇ. ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಿ ಮತ್ತೊಂದು ದೇಶ. ಇದು ಗಂಡಸಿಗೂ ಸುಲಭದ ಬದುಕಲ್ಲ. ಅವನ ಹೆಂಡತಿ ಮನೆ, ಮಕ್ಕಳ ಶಾಲೆ, ಅತಿಥಿಗಳ ಊಟ ನೋಡಿಕೊಂಡು ಹಿಂದೆ ಹಿಂದೆ ಬರುತ್ತಾಳೆ ಎನ್ನುವ ಲೆಕ್ಕದ ಮೇಲೆ ಇಡೀ ಸೇವೆ ನಡೆಯುತ್ತಿತ್ತು. ಹೆಣ್ಣು ಅಧಿಕಾರಿಗೆ ಅಂಥ ಹೆಂಡತಿ ಎಲ್ಲಿಂದ ಬರಬೇಕು? ಆ ನಿಯಮದ ಬೇರು ಇದೇ ಎಂದು ನನ್ನ ಅನಿಸಿಕೆ. ಹೆಣ್ಣಿಗೆ ಬುದ್ಧಿ ಕಡಿಮೆ ಎಂದು ಯಾರೂ ಬರೆದಿರಲಿಲ್ಲ. ಗಂಡ ಎನ್ನುವವನು ಹೆಂಡತಿಯ ಹಿಂದೆ ಊರೂರು ಅಲೆಯಬಹುದು ಅನ್ನುವುದು ಅವರ ಊಹೆಗೇ ಬರಲಿಲ್ಲ, ಅಷ್ಟೇ.

1970ರಲ್ಲಿ ಮುತ್ತಮ್ಮ ಹಂಗೇರಿಗೆ ರಾಯಭಾರಿಯಾದರು. ಸೇವೆಯ ಒಳಗಿನಿಂದಲೇ ಬೆಳೆದು ಆ ಕುರ್ಚಿಗೆ ಹೋದ ಮೊದಲ ಭಾರತೀಯ ಮಹಿಳೆ. ಆಮೇಲೆ ಘಾನಾ. ಅದು ಕಾಮನ್‌ವೆಲ್ತ್ ದೇಶ. ಹಾಗಾಗಿ ಅದರ ರಾಜಧಾನಿ ಅಕ್ರಾದಲ್ಲಿ ಅವರ ಹುದ್ದೆಗೆ ರಾಯಭಾರಿ ಎನ್ನುವುದಿಲ್ಲ, ಹೈಕಮಿಷನರ್ ಎನ್ನುತ್ತಾರೆ. ಕೆಲಸ ಒಂದೇ. ಇಂಟರ್‌ವ್ಯೂನಲ್ಲಿ ಇಂಥದ್ದನ್ನು ಕೇಳುತ್ತಾರೆ, ಮಗಳು ನೆನಪಿಟ್ಟುಕೊಳ್ಳಲಿ.

ಇಲ್ಲಿಗೆ ಮೂವತ್ತು ವರ್ಷದ ಸೇವೆ. ಆಗ ಬಡ್ತಿಯ ಪಟ್ಟಿ ಬಂತು. ಮೇಲಿನ ದರ್ಜೆಗೆ, ಅಂದರೆ ಗ್ರೇಡ್ ಒನ್‌ಗೆ, ಅವರ ಹೆಸರಿಲ್ಲ. ಅವರಿಗಿಂತ ಕಿರಿಯರ ಹೆಸರಿದೆ. ಕೊಟ್ಟ ಕಾರಣ, ನಿಮ್ಮಲ್ಲಿ ಬೇಕಾದಷ್ಟು ಅರ್ಹತೆ ಕಾಣಲಿಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಏನು ಮಾಡುತ್ತಾರೆ? ನಾಲ್ಕು ಜನರ ಹತ್ತಿರ ಹೇಳಿಕೊಳ್ಳುತ್ತಾರೆ, ಯಾರಾದರೂ ಮಂತ್ರಿ ಗೊತ್ತಾ ಎಂದು ಹುಡುಕುತ್ತಾರೆ, ಕೊನೆಗೆ ಪಿಂಚಣಿ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ ಸುಮ್ಮನಾಗುತ್ತಾರೆ. ನಿವೃತ್ತಿಗೆ ಕೆಲವೇ ವರ್ಷ ಇತ್ತು. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಕೆಲಸದಲ್ಲಿರುವ ಹಿರಿಯ ರಾಜತಾಂತ್ರಿಕ ಅಧಿಕಾರಿಯೇ ಭಾರತ ಸರ್ಕಾರವನ್ನು ಪ್ರತಿವಾದಿ ಮಾಡಿ 1979ರಲ್ಲಿ ರಿಟ್ ಅರ್ಜಿ ಹಾಕಿದರು.

ಈಗ ನಿಮ್ಮ ಪ್ರಶ್ನೆಯ ಮಧ್ಯಕ್ಕೆ ಬಂದೆವು: ಬಡ್ತಿಯ ಜಗಳದಲ್ಲಿ ಮದುವೆಯ ನಿಯಮ ಯಾಕೆ ಬಂತು?

ಮನಸ್ಸಿನಲ್ಲಿರುವ ತಾರತಮ್ಯವನ್ನು ಕೋರ್ಟಿನಲ್ಲಿ ತೋರಿಸುವುದು ಬಹಳ ಕಷ್ಟ. "ಅರ್ಹತೆ ಸಾಲದು" ಎಂದು ಫೈಲಿನಲ್ಲಿ ಬರೆದುಬಿಟ್ಟರೆ ಅದರ ಹಿಂದೆ ಹೆಣ್ಣೆಂಬ ಕಾರಣ ಇತ್ತು ಎಂದು ಹೇಗೆ ತೋರಿಸುತ್ತೀರಿ? ಯಾರೂ ಅದನ್ನು ಬರೆದಿಡುವುದಿಲ್ಲ. ಆದರೆ ಇಲ್ಲಿ ಬರೆದಿಟ್ಟಿದ್ದರು! ಸೇವಾ ನಿಯಮಗಳಲ್ಲೇ ಇತ್ತು. 1961ರ ನಡತೆ ನಿಯಮಗಳ 8(2)ರ ಪ್ರಕಾರ ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೂ, ಮನೆ ಸಂಸಾರದ ಜವಾಬ್ದಾರಿ ಕೆಲಸಕ್ಕೆ ಅಡ್ಡಿಯಾಗಬಹುದು ಎಂದು ಸರ್ಕಾರಕ್ಕೆ ಅನಿಸಿದರೆ, ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ಅಡ್ಡಿ ಆಗಿರಬೇಕೆಂದೂ ಇಲ್ಲ, ಆಗಬಹುದು ಎಂದು ಅನಿಸಿದರೆ ಸಾಕು. ಅದೇ ವರ್ಷದ ನೇಮಕಾತಿ ನಿಯಮಗಳ 18(4) ಇನ್ನೂ ಒಂದು ಹೆಜ್ಜೆ ಮುಂದೆ. ಮದುವೆಯಾದ ಹೆಂಗಸಿಗೆ ಈ ಸೇವೆಗೆ ಸೇರುವ ಹಕ್ಕೇ ಇಲ್ಲ ಎಂದಿತ್ತು.

ಮುತ್ತಮ್ಮ ಅವರ ವಾದದ ಎಳೆ ಇದು: ನೋಡಿ, ನಿಮ್ಮ ಮನೆಯ ಗೋಡೆಯ ಮೇಲೇ ಬರೆದುಕೊಂಡಿದ್ದೀರಿ. ಇಂಥ ಮನೆಯಲ್ಲಿ ನನ್ನ ಅರ್ಹತೆಯನ್ನು ಅಳೆದವರು ತಕ್ಕಡಿಯನ್ನು ನೇರ ಹಿಡಿದಿದ್ದರು ಎಂದು ಹೇಗೆ ನಂಬಲಿ? ಮದುವೆಯ ನಿಯಮ ಅವರಿಗೆ ಸಾಕ್ಷಿಯಾಗಿ ಬೇಕಿತ್ತು. ಸಂವಿಧಾನದ 14ನೇ ವಿಧಿ ಎಲ್ಲರೂ ಸಮಾನರು ಎನ್ನುತ್ತದೆ. 16ನೇ ವಿಧಿ ಸರ್ಕಾರಿ ಕೆಲಸದಲ್ಲಿ ಗಂಡು ಹೆಣ್ಣೆಂದು ಭೇದ ಮಾಡಬಾರದು ಎನ್ನುತ್ತದೆ. ಎರಡನ್ನೂ ಎದುರಿಗೆ ಇಟ್ಟರು.

ಅರ್ಜಿ ಬಿದ್ದ ಮೇಲೆ ಸರ್ಕಾರದ ಕಡೆ ಚಟುವಟಿಕೆ ಶುರುವಾಯಿತು. ಕೆಲವು ತಿಂಗಳ ಹಿಂದೆ ಸಾಲದೆ ಇದ್ದ ಅರ್ಹತೆ ಈಗ ಸಾಕಾಯಿತು. ಬಡ್ತಿ ಬಂತು. ನೆದರ್‌ಲ್ಯಾಂಡ್ಸ್‌ಗೆ, ಹೇಗ್ ನಗರಕ್ಕೆ, ರಾಯಭಾರಿಯಾಗಿ ನೇಮಕವೂ ಆಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಹಾಗೆ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿಗೂ ಇದೇ ಅನುಮಾನ ಬಂತು. ಅವರು ಅದನ್ನು ಲ್ಯಾಟಿನ್ನಿನಲ್ಲಿ ಕೇಳಿದರು: ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಅದರಿಂದಲೇ ಇದಾಯಿತು ಎನ್ನಬಹುದೇ? ಪ್ರಶ್ನೆ ಕೇಳಿ, ಉತ್ತರ ಕೊಡದೆ, ಮುಂದೆ ಹೋದರು. ನ್ಯಾಯ ಸಿಕ್ಕಿದ ಮೇಲೆ ಇನ್ನೂ ಕೆದಕುವ ಅಗತ್ಯವಿಲ್ಲ ಎಂದರು.

ನಿಯಮಗಳ ಗತಿಯೂ ಹಾಗೇ ಆಯಿತು. 18(4)ನ್ನು ಸರ್ಕಾರ 1973ರ ನವೆಂಬರ್‌ನಲ್ಲೇ ತೆಗೆದುಹಾಕಿತ್ತು. 8(2)ನ್ನೂ ತೆಗೆಯುತ್ತಿದ್ದೇವೆ, ಗೆಜೆಟ್‌ನಲ್ಲಿ ಬರುವುದೊಂದು ಬಾಕಿ ಎಂದು ಕೋರ್ಟಿಗೆ ಪ್ರಮಾಣಪತ್ರ ಕೊಟ್ಟಿತು. ಉಳಿದದ್ದು ಒಂದೇ ದೂರು, ಸೀನಿಯಾರಿಟಿ. ಬಡ್ತಿ ತಡವಾದ ಆ ಕೆಲವು ತಿಂಗಳಲ್ಲಿ ಕಿರಿಯರು ಅವರನ್ನು ದಾಟಿ ಮುಂದೆ ಹೋಗಿದ್ದರು. ಸರ್ಕಾರದ ಪರ ಇದ್ದ ಸಾಲಿಸಿಟರ್ ಜನರಲ್ ಅವರು ಅದನ್ನು ಮತ್ತೆ ಪರಿಶೀಲಿಸಲು ಸರ್ಕಾರವನ್ನು ಒಪ್ಪಿಸಿದರು. ಕೋರ್ಟು ಅದನ್ನು ಬರೆದುಕೊಂಡಿತು.

ಈಗ ನೀವೇ ಯೋಚಿಸಿ, ಕೋರ್ಟು ಇನ್ನೇನು ಕೊಡಬೇಕು? ಬಡ್ತಿ ಕೊಡಿಸಿ ಎಂದರೆ ಕೊಟ್ಟಾಗಿದೆ. ನಿಯಮ ಹೊಡೆದುಹಾಕಿ ಎಂದರೆ ಒಂದು ಹೋಗಿದೆ, ಇನ್ನೊಂದು ಹೋಗುತ್ತಿದೆ. ಸೀನಿಯಾರಿಟಿ ಸರಿಮಾಡಿ ಎಂದರೆ ನೋಡುತ್ತೇವೆ ಎಂದಾಗಿದೆ. ಕೇಳಿದ್ದು ಕೈಗೆ ಬಂದ ಮೇಲೆ ಅರ್ಜಿಯಲ್ಲಿ ಆದೇಶ ಮಾಡಲು ಏನೂ ಉಳಿಯುವುದಿಲ್ಲ. ಅದಕ್ಕೇ ವಜಾ. ನಮ್ಮ ಕಡೆ ಸಾಲದ ಕೇಸು ಹಾಕಿದ ಮೇಲೆ ಸಾಲಗಾರ ರಾತ್ರೋರಾತ್ರಿ ದುಡ್ಡು ತಂದುಕೊಟ್ಟರೆ ಕೇಸು ಮುಗಿಯುತ್ತದಲ್ಲ, ಹಾಗೆಯೇ. ಕಾಗದದಲ್ಲಿ ಡಿಕ್ರಿ ಇಲ್ಲ, ದುಡ್ಡು ಮಾತ್ರ ಕೈಯಲ್ಲಿದೆ. 1979ರ ಸೆಪ್ಟೆಂಬರ್ 17ರ ಆ ತೀರ್ಪಿನಲ್ಲಿ ಕೃಷ್ಣ ಅಯ್ಯರ್ ಬರೆದದ್ದು, ಅರ್ಜಿಯನ್ನು ವಜಾ ಮಾಡುತ್ತೇವೆ, ಸಮಸ್ಯೆಯನ್ನಲ್ಲ ಎಂದು. ಸಮಸ್ಯೆ ಉಳಿದಿದೆ, ಆದ್ದರಿಂದ ಇಂಥ ಕಲೆ ಇರುವ ಎಲ್ಲ ಸೇವಾ ನಿಯಮಗಳನ್ನೂ ನೀವಾಗಿಯೇ ತೊಳೆಯಿರಿ, ಒಬ್ಬೊಬ್ಬ ಹೆಂಗಸೂ ಕೋರ್ಟಿಗೆ ಬರಲಿ ಎಂದು ಕಾಯಬೇಡಿ ಎಂದು ಸರ್ಕಾರಕ್ಕೆ ಹೇಳಿದರು.

ತೀರ್ಪಿನ ಒಳಗೆ ಇನ್ನೂ ಚುರುಕಾದ ಮಾತುಗಳಿವೆ. ಸಂಸಾರದ ಜವಾಬ್ದಾರಿ ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದಾದರೆ ಗಂಡಸಿಗೂ ಆಗಬಹುದಲ್ಲ ಎಂದು ಕೇಳುತ್ತಾರೆ. ಮದುವೆಯಾದ ಗಂಡಸಿಗೆ ಹಕ್ಕಿದ್ದರೆ ಮದುವೆಯಾದ ಹೆಂಗಸಿಗೂ ಇದೆ ಎನ್ನುತ್ತಾರೆ. ಮೊದಲ ಸಾಲಿನಲ್ಲೇ, ಈ ಕಥೆ ಕೇಳಿದರೆ 14 ಮತ್ತು 16ನೇ ವಿಧಿಗಳು ನಿಜವೋ ಕಟ್ಟುಕಥೆಯೋ ಎಂದು ಅನುಮಾನ ಬರುತ್ತದೆ ಎಂದು ಬರೆಯುತ್ತಾರೆ. ಹಾಗಂತ ನಾನು ಈ ತೀರ್ಪಿನ ಕುರುಡು ಅಭಿಮಾನಿ ಅಲ್ಲ. ಎಲ್ಲ ಕೆಲಸಗಳಲ್ಲೂ ಗಂಡು ಹೆಣ್ಣು ಸಮ ಎಂದು ನಾವು ಹೇಳುತ್ತಿಲ್ಲ, ಕೆಲವು ಕೆಲಸಗಳ ಸ್ವಭಾವ ನೋಡಿ ಆಯ್ಕೆ ಮಾಡಬೇಕಾದೀತು ಎಂದು ಅವರೇ ಒಂದು ಕಿಂಡಿ ಬಿಟ್ಟಿದ್ದಾರೆ. ಆ ಕಿಂಡಿ ಬೇಕಿತ್ತಾ? ಬೇಕಿರಲಿಲ್ಲ ಎಂದು ನನಗೆ ಅನಿಸುತ್ತದೆ. ಹೆಣ್ಣನ್ನು ದುರ್ಬಲ ಎನ್ನುವ ಪದವೂ ಇದೆ, ಇವತ್ತು ಓದಿದರೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ.

ನನಗೆ ಜಾಸ್ತಿ ಕಾಡುವುದು ಬೇರೆ. ವಜಾ ಆದದ್ದರಿಂದ ನಿಜವಾಗಿ ಉಸಿರು ಬಿಟ್ಟವರು ಸರ್ಕಾರದವರು. ಸಂದರ್ಶನದ ಅಂಕ, ಬಡ್ತಿ ಸಮಿತಿಯ ಪೂರ್ವಗ್ರಹ, ಮೂವತ್ತು ವರ್ಷಗಳಲ್ಲಿ ಎದುರಿಸಿದೆ ಎಂದು ಅವರು ಹೇಳಿದ ಅವಮಾನಗಳು, ಇದ್ಯಾವುದಕ್ಕೂ ಯಾರೂ ಕಟಕಟೆಯಲ್ಲಿ ನಿಂತು ಉತ್ತರ ಕೊಡಬೇಕಾಗಲಿಲ್ಲ. ಬಡ್ತಿ ಕೊಟ್ಟರು, ಬಾಯಿ ಮುಚ್ಚಿತು. ಇವತ್ತಿಗೂ ಸರ್ಕಾರಿ ಕೇಸುಗಳಲ್ಲಿ ಈ ಉಪಾಯ ನಡೆಯುತ್ತದೆ. ಸೋಲುವ ಸೂಚನೆ ಕಂಡರೆ ಅರ್ಜಿದಾರರಿಗೆ ಬೇಕಾದ್ದನ್ನು ಕೊಟ್ಟುಬಿಡುವುದು, ನಿಯಮದ ಮೇಲೆ ತೀರ್ಪು ಬರದ ಹಾಗೆ ನೋಡಿಕೊಳ್ಳುವುದು. ಮುತ್ತಮ್ಮ ಕೇಸಿನಲ್ಲಿ ನ್ಯಾಯಮೂರ್ತಿಗಳು ಅಷ್ಟಕ್ಕೇ ಬಿಡದೆ ನಿಯಮದ ಬಗ್ಗೆ ಬರೆದರು. ಅದಕ್ಕೇ ಅದು ಪಾಠವಾಗಿ ಉಳಿದಿದೆ. ಎರಡೇ ವರ್ಷದ ಮೇಲೆ, 1981ರಲ್ಲಿ, ಏರ್ ಇಂಡಿಯಾದ ಗಗನಸಖಿಯರ ಕೇಸು ಬಂತು. ಮೊದಲ ಬಸಿರಿಗೇ ಕೆಲಸದಿಂದ ತೆಗೆಯುವ ನಿಯಮವನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿತು. ಆದರೆ ಅಲ್ಲೂ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದು ಎನ್ನುವ ಷರತ್ತನ್ನು ಉಳಿಸಿತು. ಇಂಥ ದಾರಿ ನೆಟ್ಟಗೆ ಹೋಗುವುದಿಲ್ಲ.

ಮುತ್ತಮ್ಮ ಹೇಗ್‌ನಿಂದ 1982ರಲ್ಲಿ ನಿವೃತ್ತರಾದರು. ಆ ಆಸುಪಾಸಿನಲ್ಲೇ ಸ್ವೀಡನ್‌ನ ಪ್ರಧಾನಿಯಾಗಿದ್ದ ಓಲೋಫ್ ಪಾಲ್ಮೆ ನಡೆಸಿದ ನಿಶ್ಶಸ್ತ್ರೀಕರಣ ಮತ್ತು ಭದ್ರತೆಯ ಸ್ವತಂತ್ರ ಆಯೋಗದಲ್ಲಿ ಭಾರತದಿಂದ ಸದಸ್ಯರಾಗಿದ್ದರು. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಸೈರಸ್ ವ್ಯಾನ್ಸ್, ನೈಜೀರಿಯಾದ ಆಡಳಿತ ನಡೆಸಿದ್ದ ಒಬಸಾಂಜೊ ಅವರಂಥವರು ಕೂತಿದ್ದ ಮೇಜು ಅದು. ಅಮೆರಿಕ ಮತ್ತು ರಷ್ಯಾ ಅಣ್ವಸ್ತ್ರ ಗುಡ್ಡೆ ಹಾಕುತ್ತಿದ್ದ ಕಾಲ. ಎದುರಾಳಿಯ ಎದೆ ನಡುಗಿಸಿ ನನ್ನ ಭದ್ರತೆ ಬರುವುದಿಲ್ಲ, ಬಂದರೆ ಇಬ್ಬರಿಗೂ ಒಟ್ಟಿಗೆ ಬರಬೇಕು ಎನ್ನುವುದು 1982ರ ಅವರ ವರದಿಯ ತಿರುಳು.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಿಲ್ಲ. ಬರೆದರು. ಅಧಿಕಾರಶಾಹಿಯ ಮೇಲಿನ ಅವರ ಪ್ರಬಂಧಗಳು 2003ರಲ್ಲಿ "ಸ್ಲೇನ್ ಬೈ ದಿ ಸಿಸ್ಟಮ್" ಎಂಬ ಪುಸ್ತಕವಾಗಿ ಬಂದವು. ಹೆಸರೇ ಸಾಕು, ವ್ಯವಸ್ಥೆ ಕೊಂದದ್ದು ಅನ್ನುವ ಅರ್ಥ. ಅದಕ್ಕೆ ಸ್ವಲ್ಪ ಮೊದಲು ಬಂದ ಇನ್ನೊಂದು ಪುಸ್ತಕ ಯಾವುದು ಗೊತ್ತಾ? ಅಡುಗೆಯದು! ಇನ್ನೊಬ್ಬ ಕೊಡವ ಮಹಿಳೆಯ ಜೊತೆ ಸೇರಿ ಕೊಡವರ ಅಡುಗೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದು. ಸಂಸಾರದ ಜವಾಬ್ದಾರಿ ಹೆಂಗಸಿನ ಕೆಲಸಕ್ಕೆ ಅಡ್ಡಿ ಎಂದಿದ್ದ ಸರ್ಕಾರವನ್ನು ಕೋರ್ಟಿಗೆ ಎಳೆದ ಕೈಯೇ ಕಾಚಂಪುಳಿ, ಕಡಂಬಿಟ್ಟಿನ ನಾಡಿನ ಅಡುಗೆಯನ್ನೂ ದಾಖಲಿಸಿತು. ನನಗೆ ಆ ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಕೆಂದು ಆಸೆ.

ಈಗಿನ ಮಾತಿಗೆ ಬರೋಣ. ಮದುವೆಗೆ ಅನುಮತಿ ಕೇಳುವ ಆ ನಿಯಮ ಈಗಿಲ್ಲ. ಭಾರತದ ಪ್ರಜೆಯನ್ನು ಮದುವೆಯಾಗಲು ನಿಮ್ಮ ಮಗಳು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ (ನಿಮ್ಮದು ಬಿಟ್ಟರೆ, ಅದು ನಿಮ್ಮ ಮನೆಯ ವಿಷಯ). ಮದುವೆಯಾದವರೂ ಪರೀಕ್ಷೆ ಬರೆಯಬಹುದು. ವಿದೇಶಿ ಪ್ರಜೆಯನ್ನು ಮದುವೆಯಾಗುವುದಾದರೆ ಮಾತ್ರ ಮೊದಲೇ ಸರ್ಕಾರದ ಅನುಮತಿ ಬೇಕು. ಅದು ಗಂಡಿಗೂ ಹೆಣ್ಣಿಗೂ ಒಂದೇ. ಅದಕ್ಕೆ ಕಾರಣವೂ ಇದೆ. ದೇಶದ ಗುಟ್ಟಿನ ಕಾಗದಗಳು ಅವರ ಮೇಜಿನ ಮೇಲೆ ಓಡಾಡುತ್ತವೆ. ನಿಮ್ಮ ಹಿರಿಯರ ತಲೆಯಲ್ಲಿ ಈ ಎರಡು ನಿಯಮಗಳೂ ಕಲಸಿಹೋಗಿರಬೇಕು.

ಬದುಕಿನ ಕಷ್ಟ ಮಾತ್ರ ನಿಯಮದ ಜೊತೆ ಹೋಗಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆಯ್ಕೆಯಾದರೆ ಮಸ್ಸೂರಿಯಲ್ಲಿ ಫೌಂಡೇಶನ್ ಕೋರ್ಸು, ದೆಹಲಿಯಲ್ಲಿ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ತರಬೇತಿ, ಆಮೇಲೆ ಒಂದು ವಿದೇಶಿ ಭಾಷೆಯನ್ನು ಕಡ್ಡಾಯವಾಗಿ ಕಲಿಯಬೇಕು. ಅರಬ್ಬಿಯೋ ಚೀನಿಯೋ ರಷ್ಯನ್ನೋ ಬಂದರೆ ಹೊಸದಾಗಿ ಅ ಆ ಇ ಈ ತಿದ್ದಿದ ಹಾಗೆಯೇ. ಆಮೇಲೆ ಊರಿಂದ ಊರಿಗೆ. ಗಂಡ ಬೇರೆ ಕೆಲಸದಲ್ಲಿದ್ದರೆ ಪ್ರತಿ ಮೂರು ವರ್ಷಕ್ಕೊಮ್ಮೆ "ನೀನು ಬರ್ತೀಯಾ, ಇಲ್ಲೇ ಇರ್ತೀಯಾ" ಎನ್ನುವ ಮಾತು ಬಂದೇ ಬರುತ್ತದೆ. ಇಬ್ಬರೂ ವಿದೇಶಾಂಗ ಸೇವೆಯಲ್ಲೇ ಇರುವ ಜೋಡಿಗಳಿವೆ, ಆದಷ್ಟು ಒಂದೇ ಕಡೆ ಅಥವಾ ಹತ್ತಿರದಲ್ಲಿ ಹಾಕಲು ಇಲಾಖೆ ನೋಡುತ್ತದೆ. ಕೆಲವು ದೇಶಗಳಲ್ಲಿ ರಾಜತಾಂತ್ರಿಕರ ಗಂಡ ಅಥವಾ ಹೆಂಡತಿ ಕೆಲಸ ಮಾಡಲು ಒಪ್ಪಂದವಿದೆ, ಎಲ್ಲ ಕಡೆ ಇಲ್ಲ.

ಆದರೂ ನಿಭಾಯಿಸಿದವರು ದೂರದಲ್ಲೇನೂ ಇಲ್ಲ. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ನಿರುಪಮಾ ರಾವ್ 1973ರ ತಂಡದವರು. ಅಂದರೆ ಆ 18(4) ಬಿದ್ದುಹೋದ ವರ್ಷದವರು. ಅವರ ಪತಿ ಸುಧಾಕರ್ ರಾವ್ ಕರ್ನಾಟಕ ಕೇಡರಿನ ಐಎಎಸ್, ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯೂ ಆಗಿದ್ದರು. ಒಬ್ಬರ ಕೆಲಸ ವಿಧಾನಸೌಧದಲ್ಲಿ, ಇನ್ನೊಬ್ಬರದು ಕೊಲಂಬೋ, ಬೀಜಿಂಗ್‌ನಲ್ಲಿ. ವಿದೇಶಾಂಗ ಕಾರ್ಯದರ್ಶಿಯ ಕುರ್ಚಿಯಲ್ಲಿ ಮೊದಲು ಕೂತ ಮಹಿಳೆ ಚೋಕಿಲಾ ಅಯ್ಯರ್, 2001ರಲ್ಲಿ. ಎರಡನೆಯವರು ನಿರುಪಮಾ ರಾವ್, 2009ರ ಆಗಸ್ಟ್‌ನಲ್ಲಿ. ಅದೇ ವರ್ಷ ಅಕ್ಟೋಬರ್ 14ರಂದು ಮುತ್ತಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು. ಅವರಿಗೆ 85 ವರ್ಷವಾಗಿತ್ತು.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅರ್ಜಿ ತುಂಬುವಾಗ ಸೇವೆಗಳ ಆದ್ಯತೆ ಬರೆಯಬೇಕಾಗುತ್ತದೆ. ವಿದೇಶಾಂಗ ಸೇವೆಯಲ್ಲಿ ಸೀಟು ಕಡಿಮೆ. ಒಳ್ಳೆಯ ರ್‍ಯಾಂಕ್ ಬಂದರೂ ಪಟ್ಟಿಯಲ್ಲಿ ಅದನ್ನು ಕೆಳಗೆ ಬರೆದಿದ್ದರೆ ಕೈತಪ್ಪುತ್ತದೆ. ಮನೆಯವರ ಮಾತಿಗೆ ಐಎಎಸ್ ಮೊದಲು ಬರೆದು ಆಮೇಲೆ ಪೇಚಾಡಿದವರನ್ನು ನಾನು ತರಗತಿಯಲ್ಲೇ ಕಂಡಿದ್ದೇನೆ. ಅವಳಿಗೆ ನಿಜವಾಗಿಯೂ ಅದೇ ಬೇಕಿದ್ದರೆ ಮೊದಲ ಸಾಲಿನಲ್ಲೇ ಬರೆಯಲಿ. ಆ ಹೊತ್ತಿನಲ್ಲಿ ಆ ಹಿರಿಯರನ್ನು ಸ್ವಲ್ಪ ಕಾಫಿ ಕೊಟ್ಟು ಮಾತಿಗೆ ಕೂರಿಸಿಕೊಳ್ಳಿ.